ಸಿ ಯಾರದು, ಡಿ ಯಾರದು

ಡೊಂಬಿವಲಿ ಸ್ಟೇಷನ್ನಿನ ಆಸುಪಾಸಿನ ಯಾವುದೇ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋಗಿ ಫಾರ್ಮ್ಯಾಟ್ ಮಾಡಿಸಬೇಕು ಎಂದರೆ ಅಲ್ಲಿನ ಹುಡುಗ ಮೊದಲು ಕೇಳುವುದು ‘ಡೇಟಾ ರಖ್‌ನಾ ಹೈ ಕ್ಯಾ?’ ಎಂದು. ಗಿರಾಕಿಯ ಉತ್ತರವೂ ಬಹುಮಟ್ಟಿಗೆ ಸಿದ್ಧವಾಗಿರುತ್ತದೆ: ‘ಸಿ ಮೇ ಕುಛ್ ನಹೀ ಹೈ, ಸಬ್ ಡಿ ಮೇ ಹೈ.’ ಕಲ್ಯಾಣದಲ್ಲೂ ಥಾಣೆಯಲ್ಲೂ ವಾಶಿಯಲ್ಲೂ ಇದೇ ಮಾತು. ಸಂಜೆಯ ಹೊತ್ತಿಗೆ ಯಂತ್ರ ಹೊಸದರಂತೆ ಓಡತೊಡಗುತ್ತದೆ, ದುಡ್ಡು ಕೊಟ್ಟು ಮನೆಗೆ ತರುತ್ತೇವೆ. ಏನು ಹೋಯಿತು ಎಂಬುದು ತಿಳಿಯುವುದು ವಾರವೋ ತಿಂಗಳೋ ಕಳೆದ ಮೇಲೆ, ಬೇಕಾದ ಕಡತವನ್ನು ಹುಡುಕಿದಾಗ.

ಸಿ ಡ್ರೈವಿನಲ್ಲಿ ಏನೂ ಇಲ್ಲ ಎಂಬ ಮಾತು ಸಾಮಾನ್ಯವಾಗಿ ನಿಜವಲ್ಲ. ಡಿಯಲ್ಲಿ ಇಟ್ಟದ್ದು ಉಳಿದೇ ಉಳಿಯುತ್ತದೆ ಎಂಬ ನಂಬಿಕೆ ಒಂದು ಕಾಲಕ್ಕೆ ಸರಿಯಿತ್ತು, ಈಗ ಅದರ ಮೇಲೆ ಭಾರ ಹಾಕುವಂತಿಲ್ಲ. ಆಪರೇಟಿಂಗ್ ಸಿಸ್ಟಂ ಮತ್ತೆ ಹಾಕಿಸಿದಾಗ ಡಿಸ್ಕನ್ನು ಹೇಗೆ ಪಾಲು ಮಾಡಬೇಕು ಎಂಬುದನ್ನು ನಾವು ರಿಪೇರಿಯವನಿಗೆ ಬಿಟ್ಟುಕೊಟ್ಟಿದ್ದೇವೆ. ಅದು ಅವನ ಕೆಲಸವಲ್ಲ, ಯಂತ್ರದ ಒಡೆಯ ಕೂತು ಮಾಡಬೇಕಾದ ನಿರ್ಧಾರ ಎಂಬುದು ನನ್ನ ವಾದ. ಕಳೆದರೆ ಮತ್ತೆ ಸಿಗುವುದು ಯಾವುದು, ಕಳೆದರೆ ಲೋಕದಲ್ಲಿ ಇನ್ನೆಲ್ಲೂ ಇಲ್ಲದ್ದು ಯಾವುದು ಎಂದು ಬೇರ್ಪಡಿಸುವ ಕೆಲಸ ಅದು. ವಿಂಡೋಸ್ ಎಲ್ಲಿ ಬೇಕಾದರೂ ಸಿಗುತ್ತದೆ. ಕನ್ನಡ ಸಂಘವೊಂದರ ಇಪ್ಪತ್ತು ವರ್ಷದ ನಡಾವಳಿ ಪುಸ್ತಕದ ಕಡತ ಒಂದೇ ಒಂದು ಕಡೆ ಇರುತ್ತದೆ. ಅಂಗಡಿಯವನಿಗೆ ಎರಡೂ ಒಂದೇ, ಜಿಬಿ ಲೆಕ್ಕ.

ಡಿಸ್ಕನ್ನು ಸಿ, ಡಿ, ಇ ಎಂದು ತುಂಡು ಮಾಡುವ ರೂಢಿ ಹುಟ್ಟಿದ್ದು ಅನಿವಾರ್ಯದಿಂದ. 1983ರಲ್ಲಿ ಐಬಿಎಂ ಕಂಪನಿಯ ಪಿಸಿ ಎಕ್ಸ್‌ಟಿ 10 ಎಂಬಿ ಹಾರ್ಡ್ ಡಿಸ್ಕಿನೊಂದಿಗೆ ಬಂದಾಗ ಎ ಮತ್ತು ಬಿ ಅಕ್ಷರಗಳು ಆಗಲೇ ಫ್ಲಾಪಿಗಳ ಪಾಲಾಗಿದ್ದವು. ಹಾರ್ಡ್ ಡಿಸ್ಕಿಗೆ ಸಿ ಸಿಕ್ಕಿತು. ಆ ಕಾಲದ ಡಾಸ್‌ಗೆ 32 ಎಂಬಿಗಿಂತ ದೊಡ್ಡ ಪಾಲನ್ನು ನಿಭಾಯಿಸಲು ಬರುತ್ತಿರಲಿಲ್ಲ, ಹಾಗಾಗಿ ಡಿಸ್ಕು ದೊಡ್ಡದಾದಂತೆ ತುಂಡುಗಳೂ ಹೆಚ್ಚಿದವು. ಮುಂದೆ ಮಿತಿ 2 ಜಿಬಿಗೆ ಏರಿತು. 1996ರಲ್ಲಿ ವಿಂಡೋಸ್ 95ರ ಪರಿಷ್ಕೃತ ಆವೃತ್ತಿಯೊಂದಿಗೆ ಫ್ಯಾಟ್ 32 ಬಂದ ಮೇಲೆ ಆ ಕಟ್ಟೂ ಕಳಚಿತು. ತಾಂತ್ರಿಕ ಕಾರಣ ತೀರಿದ ಮೇಲೂ ರೂಢಿ ಉಳಿಯಿತು, ಉಳಿಯಲು ಒಳ್ಳೆಯ ಕಾರಣವೇ ಇತ್ತು. ಗ್ರಾಂಟ್ ರೋಡ್ ಹತ್ತಿರದ ಲ್ಯಾಮಿಂಗ್ಟನ್ ರಸ್ತೆಯಿಂದ ಬಿಡಿಭಾಗ ತಂದು ಜೋಡಿಸಿದ ‘ಅಸೆಂಬಲ್ಡ್’ ಪಿಸಿಗಳು ಥಾಣೆ, ಕಲ್ಯಾಣ ಕಡೆಯ ಮನೆಗಳಿಗೆ ಬಂದ ವಿಂಡೋಸ್ 98, ಎಕ್ಸ್‌ಪಿ ದಿನಗಳಲ್ಲಿ ವೈರಸ್ ಹೊಕ್ಕರೆ ಫಾರ್ಮ್ಯಾಟ್, ನಿಧಾನವಾದರೆ ಫಾರ್ಮ್ಯಾಟ್, ಆಟದ ಸಿಡಿ ಹಾಕಿ ಕೆಟ್ಟರೆ ಫಾರ್ಮ್ಯಾಟ್. ಆಗ ಸಿಯನ್ನಷ್ಟೇ ಒರೆಸಿದರೆ ಡಿ, ಇಗಳಲ್ಲಿದ್ದದ್ದು ಬದುಕುತ್ತಿತ್ತು. ನಮ್ಮ ಮನೆಗಳ ಮೊದಲ ಡಿಜಿಟಲ್ ಫೋಟೋಗಳು ಇಂದಿಗೂ ಉಳಿದಿದ್ದರೆ ಬಹುಪಾಲು ಈ ಏರ್ಪಾಡಿನ ಪುಣ್ಯದಿಂದ.

ಹಾಗಾದರೆ ಸಿಯಲ್ಲಿ ಇರುವುದೇನು? ಪರದೆಯ ಮೇಲೆ ಕಣ್ಣೆದುರಿಗೇ ಇರುವ ಡೆಸ್ಕ್‌ಟಾಪ್ ಯಾವ ಡ್ರೈವಿಗೂ ಸೇರಿಲ್ಲವೆಂದು ಬಹಳ ಜನ ತಿಳಿದಿದ್ದಾರೆ. ಅದು ಸಿಯೊಳಗಿನ ಯೂಸರ್ಸ್ ಫೋಲ್ಡರಿನಲ್ಲಿ, ನಮ್ಮ ಹೆಸರಿನ ಕೆಳಗೆ ಇರುವ ಇನ್ನೊಂದು ಫೋಲ್ಡರು. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಕೂಡ ಅಲ್ಲಿಯವೇ. ಅವಸರದಲ್ಲಿ ಸೇವ್ ಮಾಡಿದ್ದೆಲ್ಲ, ಬ್ಯಾಂಕಿನ ಸ್ಟೇಟ್‌ಮೆಂಟು, ಪಾಸ್‌ಪೋರ್ಟಿನ ಸ್ಕ್ಯಾನು, ಅರ್ಧ ಬರೆದ ಲೇಖನ, ಹೋಗಿ ಕೂರುವುದು ಅಲ್ಲಿಯೇ. ವಿಂಗಡಿಸಿ ಡಿಯಲ್ಲಿ ಇಟ್ಟದ್ದು ಹಳೆಯದು. ಇಂದು ಕೈಯಲ್ಲಿರುವ ಕೆಲಸ ಸಿಯಲ್ಲಿರುತ್ತದೆ.

ಹೋಟೆಲು, ಕ್ಯಾಂಟೀನು, ಕೇಟರಿಂಗ್ ನಡೆಸುವ ಇಲ್ಲಿಯ ನಮ್ಮ ಕನ್ನಡಿಗರು ಇದನ್ನು ಇನ್ನೂ ಗಟ್ಟಿಯಾಗಿ ಗಮನಿಸಬೇಕು. ಟ್ಯಾಲಿಗೆ ನಾವಾಗಿ ಬೇರೆ ಜಾಗ ತೋರಿಸದಿದ್ದರೆ ಅದು ಲೆಕ್ಕದ ಡೇಟಾವನ್ನು ಸಿಯಲ್ಲೇ ಇಟ್ಟುಕೊಳ್ಳುತ್ತದೆ. 2017ರ ಜುಲೈ 1ರಿಂದ ಜಾರಿಗೆ ಬಂದ ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನದಿಂದ 72 ತಿಂಗಳು ಕಾಪಾಡಿಕೊಂಡಿರಬೇಕು. ಆರು ವರ್ಷದ ಕಾನೂನು ಹೊಣೆ ಇರುವ ಜಾಗದಲ್ಲಿ ‘ಏನೂ ಇಲ್ಲ’ ಎಂದು ಹೇಳಿ ಬರುತ್ತೇವೆ. ಹೌಸಿಂಗ್ ಸೊಸೈಟಿಯ ಮೇಂಟೆನೆನ್ಸ್ ಲೆಕ್ಕವನ್ನು ಮನೆಯ ಕಂಪ್ಯೂಟರಿನಲ್ಲಿ ಬರೆಯುವ ನಿವೃತ್ತ ಬ್ಯಾಂಕ್ ನೌಕರರು ಡೊಂಬಿವಲಿಯ ಯಾವ ಕಟ್ಟಡದಲ್ಲಿಲ್ಲ? ಅವರೊಬ್ಬರ ಸಿ ಡ್ರೈವಿನಲ್ಲಿ ನಲವತ್ತು ಮನೆಗಳ ಬಾಕಿ-ಜಮಾ ಇರುತ್ತದೆ.

ಕನ್ನಡದಲ್ಲಿ ಬರೆಯುವವರ ನಷ್ಟ ಇದಕ್ಕಿಂತ ಆಳದ್ದು, ಮೇಲುನೋಟಕ್ಕೆ ಕಾಣುವಂಥದೂ ಅಲ್ಲ. ಯೂನಿಕೋಡ್ ರೂಢಿಗೆ ಬರುವ ಮುನ್ನ, ಬಂದ ಮೇಲೂ ಬಹಳ ವರ್ಷ, ಕನ್ನಡದ ಟೈಪಿಂಗ್ ನಡೆದದ್ದು ನುಡಿ, ಬರಹ, ಶ್ರೀಲಿಪಿ, ಆಕೃತಿ ಫಾಂಟುಗಳಲ್ಲಿ. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂತು. ನುಡಿಯನ್ನು ಕನ್ನಡ ಗಣಕ ಪರಿಷತ್ತು ರೂಪಿಸಿತು, ಕರ್ನಾಟಕ ಸರ್ಕಾರದ ಕಚೇರಿಗಳೆಲ್ಲ ಅದನ್ನು ಬಳಸಿದವು. ನಾವು ಕುಟ್ಟುವ ಕೀಲಿಮಣೆಯ ವಿನ್ಯಾಸ ಕೆ.ಪಿ. ರಾವ್ ಅವರದು. ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲೂ ಟಾಟಾ ಪ್ರೆಸ್ಸಿನಲ್ಲೂ ದುಡಿದವರು. ಕಂಪ್ಯೂಟರಿನ ಕನ್ನಡಕ್ಕೆ ಈ ಮಹಾನಗರದ ಋಣವೂ ಇದೆ ಎಂಬುದನ್ನು ಇಲ್ಲಿಯ ಕನ್ನಡಿಗರು ನೆನೆಯಬೇಕು.

ಆ ಹಳೆಯ ಫಾಂಟುಗಳಲ್ಲಿ ಬರೆದಾಗ ಕಡತದೊಳಗೆ ದಾಖಲಾಗುವುದು ಕನ್ನಡ ಅಕ್ಷರದ ಸಂಕೇತವಲ್ಲ, ರೋಮನ್ ಲಿಪಿಯ ಅಕ್ಷರ-ಚಿಹ್ನೆಗಳ ಸಂಕೇತ. ಅದಕ್ಕೆ ಪರದೆಯ ಮೇಲೆ ಕನ್ನಡದ ರೂಪ ಕೊಡುವುದು ಫಾಂಟು. ಆ ಫಾಂಟು ಇರುವುದು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿ. ಸಿ ಒರೆಸಿದ ಮೇಲೆ ಡಿಯಲ್ಲಿರುವ ಕಡತ ಒಂದು ಬೈಟೂ ಕೆಡದೆ ಉಳಿದಿರುತ್ತದೆ, ತೆರೆದರೆ ಮಾತ್ರ ಕನ್ನಡ ಇರುವುದಿಲ್ಲ. ನುಡಿಯ ಕಡತವಾದರೆ ‘ನ’ ಇದ್ದಲ್ಲೆಲ್ಲ ಪೌಂಡಿನ ಗುರುತು, ಉಳಿದಂತೆ ನೆತ್ತಿಯ ಮೇಲೆ ಗೀಟು ಹೊತ್ತ ಎ ಅಕ್ಷರಗಳ ಸಾಲು. ಕಡತ ಕೆಟ್ಟಿತೆಂದು ತಿಳಿದು ಅಳಿಸಿಬಿಡುವವರುಂಟು. ಅಂಗಡಿಯ ಹುಡುಗ ಮರಾಠಿಯವನೋ ಉತ್ತರಪ್ರದೇಶದವನೋ ಆಗಿರುತ್ತಾನೆ. ಅವನ ಕಣ್ಣಿಗೆ ಅದು ಕಸವೇ. ಪೇಜ್‌ಮೇಕರಿನಲ್ಲಿ ಪುಟ ಕಟ್ಟಿದ ಸ್ಮರಣ ಸಂಚಿಕೆಗಳಿಗೆ ತೊಡಕು ಇನ್ನೊಂದು ಸುತ್ತು ಹೆಚ್ಚು: 2001ರ ಏಳನೆಯ ಆವೃತ್ತಿಗೆ ಆ ತಂತ್ರಾಂಶದ ಬೆಳವಣಿಗೆಯೇ ನಿಂತಿತು. ಇವತ್ತಿನ ಕಂಪ್ಯೂಟರಿನಲ್ಲಿ ಅದು, ಅದರ ಮೇಲೆ ಆ ಫಾಂಟು, ಎರಡೂ ಕೂಡಿಬಂದರೆ ಮಾತ್ರ ಪುಟ ಪುಟವಾಗಿ ಕಾಣುತ್ತದೆ.

ಕರ್ನಾಟಕದ ಊರಿನಲ್ಲಿ ಕೂತು ಬರೆಯುವವರ ಕಡತ ಕಳೆದರೆ ಮುದ್ರಣಾಲಯದಲ್ಲೋ ಪತ್ರಿಕಾ ಕಚೇರಿಯಲ್ಲೋ ಒಂದು ಪ್ರತಿ ಸಿಕ್ಕೀತು. ಇಲ್ಲಿಯ ಪರಿಸ್ಥಿತಿ ಬೇರೆ. ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ನಡೆಸಿಕೊಂಡು ಬಂದಿದೆ, ವಾಶಿಯಲ್ಲಿ ನವಿ ಮುಂಬಯಿ ಕನ್ನಡ ಸಂಘವಿದೆ, ಥಾಣೆ ಕಲ್ಯಾಣಗಳಲ್ಲೂ ಸಂಘಗಳು, ಜಾತಿ ಸಮಾಜದ ಸಂಸ್ಥೆಗಳು, ಭಜನಾ ಮಂಡಳಿಗಳು, ಯಕ್ಷಗಾನ ಮಂಡಳಿಗಳು. ಇಂಥ ಯಾವುದೇ ಸಂಸ್ಥೆಯ ಕಾರ್ಯದರ್ಶಿಯಾದವರಿಗೆ ಗೊತ್ತಿರುತ್ತದೆ: ಮಹಾಸಭೆಯ ನಡಾವಳಿ, ಚಾರಿಟಿ ಕಮಿಷನರ್ ಕಚೇರಿಗೆ ಕೊಡುವ ಚೇಂಜ್ ರಿಪೋರ್ಟು, ಸದಸ್ಯರ ಪಟ್ಟಿ, ತಾಳಮದ್ದಳೆಯ ಆಮಂತ್ರಣ, ತೀರಿಕೊಂಡ ಹಿರಿಯರ ಬಗ್ಗೆ ಬರೆದ ನಾಲ್ಕು ಪುಟ, ಎಲ್ಲವೂ ಯಾರೋ ಒಬ್ಬರ ಮನೆಯ ಕಂಪ್ಯೂಟರಿನಲ್ಲಿರುತ್ತದೆ. ಈ ಊರುಗಳಲ್ಲಿ ಕನ್ನಡಿಗರು ಅರ್ಧ ಶತಮಾನ ಹೇಗೆ ಬದುಕಿದರು ಎಂದು ನಾಳೆ ಯಾರಾದರೂ ಚರಿತ್ರೆ ಬರೆಯಲು ಹೊರಟರೆ ಅವರಿಗೆ ಬೇಕಾಗುವುದು ಈ ಕಾಗದಗಳೇ. ಅವನ್ನು ಕೂಡಿಡುವ ಸರ್ಕಾರಿ ಇಲಾಖೆ ಮಹಾರಾಷ್ಟ್ರದಲ್ಲಾಗಲಿ ಕರ್ನಾಟಕದಲ್ಲಾಗಲಿ ಇರುವುದು ನನಗೆ ಗೊತ್ತಿಲ್ಲ. ಡಿಸ್ಕಿನ ಪಾಲನ್ನು ನಾನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳುವುದು ಈ ಕಾರಣಕ್ಕೆ.

ಇನ್ನು ಡಿಯ ಸುರಕ್ಷಿತತೆಯ ಮಾತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಯುಇಎಫ್‌ಐ ಎಂಬ ಹೊಸ ಬೂಟ್ ವ್ಯವಸ್ಥೆ ಮತ್ತು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರುವ ಯಂತ್ರ ಬೇಕು. ಹಾಗಾಗಿ ಹಳೆಯ ಯಂತ್ರಗಳನ್ನು ಬಿಚ್ಚಿ, ಹಳೆಯ ಡಿಸ್ಕನ್ನು ಹೊಸ ಮದರ್‌ಬೋರ್ಡಿಗೆ ಸಿಕ್ಕಿಸಿ, ಹೊಸ ವಿಂಡೋಸ್ ಹಾಕಿಸುವವರು ಈಗ ಹೆಚ್ಚು. ಅಪಾಯ ಇಲ್ಲಿದೆ. ಹಳೆಯ ಡಿಸ್ಕುಗಳ ಪಾಲುಪಟ್ಟಿ ಎಂಬಿಆರ್ ಎಂಬ 1983ರ ಕ್ರಮದ್ದು: ನಾಲ್ಕೇ ಪ್ರಾಥಮಿಕ ಪಾಲುಗಳು, 2 ಟಿಬಿಯ ಮಿತಿ. ಯುಇಎಫ್‌ಐ ಮೂಲಕ ಶುರುವಾದ ವಿಂಡೋಸ್ ಸೆಟಪ್ ಕೇಳುವುದು ಜಿಪಿಟಿ ಎಂಬ ಹೊಸ ಕ್ರಮವನ್ನು. ಎಂಬಿಆರ್ ಡಿಸ್ಕನ್ನು ಕಂಡರೆ ಇದರಲ್ಲಿ ಹಾಕಲು ಆಗದು ಎಂದು ಅದು ನಿಂತುಬಿಡುತ್ತದೆ. ಅವಸರದಲ್ಲಿರುವ ಹುಡುಗನಿಗೆ ಗೊತ್ತಿರುವ ಪರಿಹಾರ ಡಿಸ್ಕ್‌ಪಾರ್ಟ್ ಎಂಬ ಸಾಧನ ತೆರೆದು ‘ಕ್ಲೀನ್’ ಆಜ್ಞೆ ಕೊಡುವುದು. ಎರಡು ಸೆಕೆಂಡಿನ ಕೆಲಸ. ಸಿಯ ಜೊತೆ ಡಿಯೂ ಇಯೂ ಪಟ್ಟಿಯಿಂದ ಮಾಯ. ‘ಸಬ್ ಡಿ ಮೇ ಹೈ’ ಎಂದು ಹೇಳಿ ಬಂದವರ ಡಿ ಹೋಗುವುದು ಹೀಗೆ, ಯಾರ ದುರುದ್ದೇಶವೂ ಇಲ್ಲದೆ.

ಡೇಟಾ ಕಳೆಯದೆ ಎಂಬಿಆರನ್ನು ಜಿಪಿಟಿಗೆ ಬದಲಾಯಿಸುವ ಸಾಧನವನ್ನು ಮೈಕ್ರೋಸಾಫ್ಟೇ 2017ರಿಂದ ವಿಂಡೋಸ್ 10ರೊಳಗೆ ಕೊಟ್ಟಿದೆ. ಆದರೆ ಆ ಸಾಧನ ಡಿಸ್ಕಿನಲ್ಲಿ ಎಕ್ಸ್‌ಟೆಂಡೆಡ್ ಪಾರ್ಟಿಶನ್ ಇದ್ದರೆ ಕೆಲಸ ಮಾಡುವುದಿಲ್ಲ. ನಮ್ಮ ಕಡೆಯ ಅಸೆಂಬಲ್ಡ್ ಯಂತ್ರಗಳಲ್ಲಿ ಸಿ ಒಂದು ಪ್ರಾಥಮಿಕ ಪಾಲು, ಡಿ ಇ ಎಫ್‌ಗಳೆಲ್ಲ ಎಕ್ಸ್‌ಟೆಂಡೆಡ್‌ನೊಳಗಿನ ಲಾಜಿಕಲ್ ಡ್ರೈವುಗಳು. ಅಂದಿನ ವಾಡಿಕೆಯೇ ಅದು. ಅಂಥ ಡಿಸ್ಕಿನಲ್ಲಿರುವುದನ್ನು ಮೊದಲು ಬೇರೆಡೆಗೆ ಪೂರ್ತಿ ನಕಲು ಮಾಡಿಕೊಳ್ಳದೆ ಹೊಸ ಯಂತ್ರಕ್ಕೆ ಒಯ್ಯಬಾರದು. ಇದಕ್ಕೆ ಅಡ್ಡದಾರಿ ಇಲ್ಲ.

ಸೆಟಪ್‌ನಲ್ಲಿ ಪಾಲುಗಳನ್ನು ತೋರಿಸುವ ಪರದೆಯ ಮುಂದೆ ಒಡೆಯರೇ ಕೂರಬೇಕು ಎನ್ನುತ್ತೇನೆ. ಅಲ್ಲಿ ಸಿ, ಡಿ ಎಂಬ ಅಕ್ಷರಗಳು ಕಾಣುವುದಿಲ್ಲ. ಡ್ರೈವ್ ಸೊನ್ನೆ, ಪಾರ್ಟಿಶನ್ ಒಂದು, ಎರಡು, ಮೂರು ಎಂಬ ಸಾಲುಗಳಷ್ಟೇ. 100 ಎಂಬಿಯ ಇಎಫ್‌ಐ ಪಾಲು, 16 ಎಂಬಿಯ ಇನ್ನೊಂದು, ರಿಕವರಿ ಪಾಲು, ನಡುವೆ ನಮ್ಮವು. ಗುರುತಿಗೆ ಸಿಗುವುದು ಗಾತ್ರ, ಮತ್ತು ನಾವು ಮೊದಲೇ ಹೆಸರಿಟ್ಟಿದ್ದರೆ ಆ ಹೆಸರು. ಡಿಗೆ ಇವತ್ತೇ ಒಂದು ಹೆಸರು ಕೊಟ್ಟಿಡುವುದು ಅರ್ಧ ನಿಮಿಷದ ಕೆಲಸ. ನಾಳೆ ಡಿಲೀಟ್ ಗುಂಡಿಯ ಮೇಲೆ ಬೆರಳಿಟ್ಟವನನ್ನು ಆ ಹೆಸರು ತಡೆದೀತು. ಯಂತ್ರದಲ್ಲಿ ಎಸ್‌ಎಸ್‌ಡಿಯೂ ಹಾರ್ಡ್ ಡಿಸ್ಕೂ ಎರಡೂ ಇದ್ದರೆ ಡೇಟಾ ಇರುವ ಡಿಸ್ಕಿನ ಕೇಬಲನ್ನು ಕಳಚಿಟ್ಟೇ ಕೆಲಸ ಶುರುಮಾಡಲು ಹೇಳಿ. ಲೈಸೆನ್ಸಿನ ಕೀ ಇಲ್ಲವೆಂದು ಪೈರೇಟೆಡ್ ಪ್ರತಿ ಹಾಕಲು ಹೊರಟರೆ ಒಪ್ಪಬೇಡಿ. ವಿಂಡೋಸ್ ಜೊತೆಯಲ್ಲೇ ಕೊಂಡ ಈಚಿನ ಲ್ಯಾಪ್‌ಟಾಪುಗಳಲ್ಲಿ ಆ ಕೀ ಮದರ್‌ಬೋರ್ಡಿನೊಳಗೇ ಇದೆ, ಅದೇ ಆವೃತ್ತಿ ಮತ್ತೆ ಹಾಕಿದರೆ ತಾನಾಗಿ ಚಾಲ್ತಿಗೆ ಬರುತ್ತದೆ.

ಒಂದು ವೇಳೆ ಅಳಿದೇ ಹೋಯಿತು ಎನ್ನಿ. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕಾದರೆ ಪಾಲು ಅಳಿಸಿದಾಗ ಹೋಗುವುದು ಪಟ್ಟಿ ಮಾತ್ರ, ಮೇಲೆ ಹೊಸದನ್ನು ಬರೆಯುವ ತನಕ ಒಳಗಿನದು ಇರುತ್ತದೆ. ಕೂಡಲೇ ಯಂತ್ರ ನಿಲ್ಲಿಸಿ ಟೆಸ್ಟ್‌ಡಿಸ್ಕ್‌ನಂಥ ಉಚಿತ ಸಾಧನದಿಂದ ಪಟ್ಟಿಯನ್ನು ಮರಳಿ ಕಟ್ಟಬಹುದು. ಎಸ್‌ಎಸ್‌ಡಿಯಲ್ಲಿ ಆ ಆಸೆ ಬಹುಮಟ್ಟಿಗೆ ಇಲ್ಲ. ಕ್ವಿಕ್ ಫಾರ್ಮ್ಯಾಟ್ ಆದಾಗ ವಿಂಡೋಸ್ ಟ್ರಿಮ್ ಆಜ್ಞೆ ಕಳಿಸುತ್ತದೆ, ಎಸ್‌ಎಸ್‌ಡಿ ಆ ಜಾಗವನ್ನು ನಿಜಕ್ಕೂ ಖಾಲಿ ಮಾಡಿಕೊಳ್ಳುತ್ತದೆ.

ಪಾರ್ಟಿಶನ್ ಎಂಬುದೇ ಈಗ ಬೇಡ, ಒಂದೇ ಸಿ ಸಾಕು ಎನ್ನುವವರಿದ್ದಾರೆ. ಐರೋಲಿ, ಮಹಾಪೆಯ ಐಟಿ ಕಂಪನಿಗಳಲ್ಲಿ ದುಡಿಯುವ ನಮ್ಮ ಮಕ್ಕಳು ಹೇಳುವುದು ಇದನ್ನೇ, ಅವರ ಮಾತಿನಲ್ಲಿ ಹುರುಳಿದೆ. 256 ಜಿಬಿಯ ಎಸ್‌ಎಸ್‌ಡಿಯನ್ನು ಎರಡು ಮಾಡಿದರೆ ವರ್ಷದೊಳಗೆ ಸಿ ತುಂಬಿ ಅದರ ಪಟ್ಟಿ ಕೆಂಪಾಗುತ್ತದೆ, ಪಕ್ಕದ ಡಿಯಲ್ಲಿ ಜಾಗ ಸುಮ್ಮನೆ ಬಿದ್ದಿರುತ್ತದೆ. ಅಪ್‌ಡೇಟ್ ಇಳಿಯುವುದಿಲ್ಲ, ಯಂತ್ರ ಏದುಸಿರು ಬಿಡುತ್ತದೆ. ಎಸ್‌ಎಸ್‌ಡಿ ಕೈಕೊಟ್ಟಾಗ ಒಂದು ಪಾಲನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದಿಲ್ಲ, ಇಡಿಯಾಗಿ ಹೋಗುತ್ತದೆ. ವಿಂಡೋಸನ್ನು ಹಳೆಯದರ ಮೇಲೆಯೇ, ಫಾರ್ಮ್ಯಾಟ್ ಮಾಡದೆ ಹಾಕಿದರೆ ಹಿಂದಿನದೆಲ್ಲ ವಿಂಡೋಸ್ ಓಲ್ಡ್ ಎಂಬ ಫೋಲ್ಡರಿನಲ್ಲಿ ಸಿಗುತ್ತದೆ. ಇಷ್ಟನ್ನೂ ನಾನು ಒಪ್ಪುತ್ತೇನೆ. 256 ಜಿಬಿಯದಾದರೆ ಪಾಲು ಮಾಡಬೇಡಿ, ಒಂದೇ ಫೋಲ್ಡರಿನೊಳಗೆ ನಿಮ್ಮದನ್ನೆಲ್ಲ ಇಟ್ಟು ಅದನ್ನು ಹೊರಗೆ ನಕಲು ಮಾಡಿ.

ಆದರೆ 512 ಜಿಬಿ, 1 ಟಿಬಿ ಇದ್ದಾಗ ಆ ವಾದ ಸೋಲುತ್ತದೆ. ಜಾಗದ ಪ್ರಶ್ನೆ ಅಲ್ಲಿಲ್ಲ. ಒಂದೇ ಸಿ ಇದ್ದ ಯಂತ್ರ ಕೆಟ್ಟು ನಿಂತಾಗ ಅದರೊಳಗಿನ ನಮ್ಮ ಕಡತಗಳನ್ನು ಹೆಕ್ಕಿ ತೆಗೆಯುವ ಕೆಲಸ ಬೇರೆಯವರ ಕೈಯಲ್ಲಿ, ಅವಸರದಲ್ಲಿ ನಡೆಯುತ್ತದೆ. ಯಾವ ಫೋಲ್ಡರು ಮುಖ್ಯ ಎಂದು ಅಪರಿಚಿತರು ಊಹಿಸುತ್ತಾರೆ, ನಮ್ಮ ಖಾಸಗಿ ಕಾಗದಗಳನ್ನೆಲ್ಲ ತೆರೆದು ನೋಡುತ್ತಾರೆ. ಡಿ ಇದ್ದರೆ ಆ ವಿಂಗಡಣೆಯನ್ನು ನಾವು ಬಿಡುವಿನಲ್ಲಿ, ನಮ್ಮ ಮನೆಯಲ್ಲಿ ಕೂತು ಮುಂಚೆಯೇ ಮಾಡಿರುತ್ತೇವೆ. ಫೋಲ್ಡರಿನಿಂದಲೂ ಇದು ಸಾಧ್ಯ ಎನ್ನುವುದು ತರ್ಕಕ್ಕೆ ಸರಿ. ಸಿಯನ್ನು ಒರೆಸುವ ಘಳಿಗೆಯಲ್ಲಿ ಮಾತ್ರ ಸಿಯೊಳಗಿನ ಫೋಲ್ಡರಿಗೆ ಯಾವ ರಕ್ಷಣೆಯೂ ಇಲ್ಲ. 512 ಜಿಬಿಗೆ ನಾನು ಹೇಳುವ ಲೆಕ್ಕ ಸಿಗೆ 200, ಉಳಿದದ್ದು ಡಿಗೆ. ವಿಂಡೋಸ್ 11 ಕನಿಷ್ಠ 64 ಜಿಬಿ ಕೇಳುತ್ತದೆ, ಆದರೆ ಕನಿಷ್ಠದಲ್ಲಿ ಯಾವ ಯಂತ್ರವೂ ಬದುಕುವುದಿಲ್ಲ. ಇ, ಎಫ್ ಬೇಡವೇ ಬೇಡ. ಪಾಲು ಮಾಡಿದ ದಿನವೇ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರುಗಳ ಪ್ರಾಪರ್ಟೀಸ್ ತೆರೆದು, ಲೊಕೇಶನ್ ಎಂಬಲ್ಲಿ ಅವನ್ನು ಡಿಗೆ ಸಾಗಿಸಬೇಕು. ಟ್ಯಾಲಿಗೂ ಡೇಟಾದ ಜಾಗ ಡಿ ಎಂದು ತೋರಿಸಬೇಕು. ಈ ಎರಡು ಮಾಡದಿದ್ದರೆ ಡಿ ಇದ್ದೂ ಇಲ್ಲದಂತೆ. ಫಾಂಟುಗಳು, ನುಡಿ-ಬರಹದ ಸೆಟಪ್ ಕಡತಗಳು ಕೂಡ ಅಲ್ಲಿಯೇ ಒಂದು ಫೋಲ್ಡರಿನಲ್ಲಿರಲಿ, ಹಳೆಯ ಬರವಣಿಗೆಯನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತರುವ ತನಕ ಅವು ಬೇಕೇ ಬೇಕು.

ಪಾಲುಗಳ ಗೆರೆ ಎಳೆಯಲು ಸರಿಯಾದ ಹೊತ್ತು ವಿಂಡೋಸ್ ಮರುಸ್ಥಾಪನೆಯ ಹೊತ್ತೇ. ಇದನ್ನು ನಮ್ಮ ಊರುಗಳೇ ತೋರಿಸಿಕೊಡುತ್ತವೆ. 1970ರಲ್ಲಿ ಹುಟ್ಟಿದ ನಗರ ನಿರ್ಮಾಣ ಸಂಸ್ಥೆ ಸಿಡ್ಕೋ ನವಿ ಮುಂಬಯಿಯ ನೋಡ್, ಸೆಕ್ಟರ್‌ಗಳನ್ನು ನಕ್ಷೆಯ ಮೇಲೆ ಮೊದಲು ಎಳೆಯಿತು, ಕಟ್ಟಡಗಳು ಆಮೇಲೆ ಎದ್ದವು. ಖಾರ್ಘರಿನಲ್ಲಿ ಸೆಕ್ಟರ್ ಸಂಖ್ಯೆ ಹೇಳಿದರೆ ಮನೆ ಸಿಗುತ್ತದೆ. ಕಲ್ಯಾಣ–ಡೊಂಬಿವಲಿಯಲ್ಲಿ ಮೊದಲು ಊರು ತುಂಬಿತು, ಗಡಿಯ ಮಾತು ಆಮೇಲೆ. 27 ಹಳ್ಳಿಗಳನ್ನು 2002ರಲ್ಲಿ ಪಾಲಿಕೆಯಿಂದ ಹೊರಗಿಟ್ಟು 2015ರಲ್ಲಿ ಮತ್ತೆ ಒಳಗೆ ತಂದರು. ನೀರು, ರಸ್ತೆ, ತೆರಿಗೆ ಎಲ್ಲದಕ್ಕೂ ಆ ಎಳೆದಾಟ ತಟ್ಟಿತು. ನವಿ ಮುಂಬಯಿಯ ನೆಲವೂ ಖಾಲಿಯಿರಲಿಲ್ಲ ಎಂಬುದನ್ನು ಮರೆಯಬಾರದು, 95 ಹಳ್ಳಿಗಳ ಜನ ಆ ಗೆರೆಗಳ ಬೆಲೆ ತೆತ್ತರು. ಡಿಸ್ಕಿಗಾದರೋ ನಿಜವಾಗಿ ಖಾಲಿಯಿರುವ ಘಳಿಗೆಯೊಂದು ಉಂಟು, ಅದನ್ನು ಬಳಸಿಕೊಳ್ಳಬೇಕು.

ತುಂಬಿದ ಮೇಲೆ ಗೆರೆ ಸರಿಸುವುದು ಎಷ್ಟು ಕಷ್ಟವೆಂದು ಪ್ರಯತ್ನಿಸಿದವರಿಗೆ ಗೊತ್ತು. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಶ್ರಿಂಕ್ ಒತ್ತಿದರೆ, ಕದಲಿಸಲಾಗದ ಕಡತವೊಂದು ನಡುವೆ ಕೂತಿದ್ದರೆ, ಅಲ್ಲಿಗೇ ನಿಲ್ಲುತ್ತದೆ. ಅರ್ಧಕ್ಕರ್ಧ ಖಾಲಿಯಿದ್ದರೂ ಅಷ್ಟು ಜಾಗ ಸಿಗುವುದಿಲ್ಲ. ಸಿಯನ್ನು ಹಿಗ್ಗಿಸಬೇಕೆಂದರೆ ಖಾಲಿ ಜಾಗ ಅದರ ಬಲಕ್ಕೆ ಅಂಟಿಕೊಂಡೇ ಇರಬೇಕು, ಅಲ್ಲಿ ರಿಕವರಿ ಪಾಲು ಅಡ್ಡ ಕೂತಿರುತ್ತದೆ. ಬೇರೆ ತಂತ್ರಾಂಶಗಳು ಇದನ್ನೂ ಮಾಡುತ್ತವೆ, ಆದರೆ ನೂರಾರು ಜಿಬಿ ಡೇಟಾವನ್ನು ಎತ್ತಿ ಪಕ್ಕಕ್ಕಿಡುತ್ತ ಗಂಟೆಗಟ್ಟಲೆ ಓಡುತ್ತವೆ. ಅದರ ನಡುವೆ ಕರೆಂಟು ಹೋದರೆ? ಮುಂಬಯಿ ದ್ವೀಪನಗರದಲ್ಲಿ ಬೆಸ್ಟ್ ಸಂಸ್ಥೆಯ ವಿದ್ಯುತ್ ದೀಪ ಆರದಿದ್ದ ವರ್ಷಗಳಲ್ಲಿ ಕಲ್ಯಾಣ, ಡೊಂಬಿವಲಿಯ ಜನ ದಿನಕ್ಕೆ ಹಲವು ಗಂಟೆ ಲೋಡ್‌ಶೆಡ್ಡಿಂಗ್ ಅನುಭವಿಸಿದವರು. 2020ರ ಅಕ್ಟೋಬರ್ 12ರಂದು ಥಾಣೆಯ ಕಳವಾ ಕಡೆಯ ವಿದ್ಯುತ್ ಜಾಲ ಕೈಕೊಟ್ಟಾಗ ಮುಂಬಯಿ, ಥಾಣೆ, ನವಿ ಮುಂಬಯಿ ಒಟ್ಟಿಗೆ ಕತ್ತಲಾದವು. ಡೆಸ್ಕ್‌ಟಾಪ್ ಯಂತ್ರವಾದರೆ ಯುಪಿಎಸ್ ಇಲ್ಲದೆ ಪಾಲುಗಳನ್ನು ಕದಲಿಸಬಾರದು.

ಇಷ್ಟೆಲ್ಲ ಮಾಡಿದ ಮೇಲೂ ಡಿ ಎಂಬುದು ಬ್ಯಾಕಪ್ ಅಲ್ಲ. ಈ ಮಾತಿಗೆ ನಾನು ಎಲ್ಲಕ್ಕಿಂತ ಹೆಚ್ಚು ಒತ್ತು ಕೊಡುತ್ತೇನೆ. ಸಿ ಮತ್ತು ಡಿ ಒಂದೇ ಡಿಸ್ಕಿನ ಮೇಲಿವೆ. ರ‍್ಯಾನ್ಸಮ್‌ವೇರ್ ಹೊಕ್ಕರೆ ಎರಡಕ್ಕೂ ಬೀಗ ಬೀಳುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಉಲ್ಹಾಸ್ ನದಿಯ ನೀರು ಕಲ್ಯಾಣ, ಬದ್ಲಾಪುರದ ನೆಲಮಹಡಿಯ ಮನೆಗಳಿಗೆ, ಅಂಗಡಿಗಳಿಗೆ ನುಗ್ಗಿತು. ಮೇಜಿನ ಕೆಳಗೆ ಇಟ್ಟ ಸಿಪಿಯು ಪೆಟ್ಟಿಗೆ ಮುಳುಗಿದರೆ ಅದರೊಳಗೆ ಎಷ್ಟು ಪಾಲು ಎಂಬುದಕ್ಕೆ ಅರ್ಥವಿಲ್ಲ. ಈಗ ಇನ್ನೊಂದು ಹೊಸ ಸಂಗತಿ ಸೇರಿದೆ: 2024ರ ವಿಂಡೋಸ್ 11 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಡಿಸ್ಕು ತಾನಾಗಿಯೇ ಬಿಟ್‌ಲಾಕರ್ ಬೀಗದೊಳಗೆ ಹೋಗುವುದುಂಟು. ಕಳ್ಳತನದಿಂದ ಅದು ಕಾಪಾಡುತ್ತದೆ. ಮುಂದಿನ ಸಲ ಸಿ ಒರೆಸಿ ವಿಂಡೋಸ್ ಹಾಕಿದಾಗ ಮಾತ್ರ ಡಿ 48 ಅಂಕಿಯ ಕೀ ಕೇಳುತ್ತದೆ. ಆ ಕೀ ಇರುವುದು ಖಾತೆಯಲ್ಲಿ. ಖಾತೆಯನ್ನು ಅಂಗಡಿಯ ಹುಡುಗ ತನ್ನ ಮೊಬೈಲ್ ನಂಬರ್ ಕೊಟ್ಟು ತೆರೆದಿದ್ದರೆ ನಮ್ಮ ಡಿ ನಮ್ಮದಲ್ಲ.

ಐರೋಲಿ, ರಬಾಳೆ, ಮಹಾಪೆಗಳಲ್ಲಿ ದೇಶದ ದೊಡ್ಡ ಡೇಟಾ ಸೆಂಟರುಗಳಿವೆ. 2020ರಲ್ಲಿ ಪನ್ವೇಲಿನಲ್ಲಿ ಯೋಟ್ಟಾದ ಬೃಹತ್ ಕೇಂದ್ರ ತೆರೆಯಿತು. ಬ್ಯಾಂಕುಗಳ ಡೇಟಾವನ್ನು ಅಲ್ಲಿ ಒಂದಕ್ಕೆರಡು ಮಾಡಿ, ದೂರದ ಇನ್ನೊಂದು ಊರಿನಲ್ಲೂ ಇಟ್ಟು ಕಾಯುತ್ತಾರೆ. ಅಲ್ಲಿ ಪಾಳಿ ಮುಗಿಸಿ ಥಾಣೆ–ವಾಶಿ ಲೋಕಲ್ ಹತ್ತಿ ಬರುವ ಎಂಜಿನಿಯರನ ಮನೆಯಲ್ಲಿ ಅಪ್ಪನ ಬರಹಗಳ ಒಂದೇ ಪ್ರತಿ ಇರುವುದು ನನ್ನನ್ನು ಕಳವಳಗೊಳಿಸುತ್ತದೆ. ಅವನಿಗೆ ಗೊತ್ತಿರುವ ವಿದ್ಯೆ ಮನೆಯ ಮಟ್ಟಿಗೆ ಇಷ್ಟೇ ಕೇಳುತ್ತದೆ: ಡಿಯ ಒಂದು ನಕಲು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ನಕಲು ಮುಗಿದ ಕೂಡಲೇ ಅದನ್ನು ಕಳಚಿ ಅಟ್ಟದ ಮೇಲೆ. ಇನ್ನೊಂದು ಬೇರೆ ಊರಿನಲ್ಲಿ. ಮೇ ತಿಂಗಳ ರಜೆಗೆ ಮತ್ಸ್ಯಗಂಧಾ ರೈಲು ಹತ್ತಿ ಉಡುಪಿ, ಕುಂದಾಪುರಕ್ಕೆ ಹೋಗುವ ನಮಗೆ ಅದು ಎಷ್ಟರ ಕೆಲಸ? ಕ್ಲೌಡಿನ ಉಚಿತ ಜಾಗ ಸಾಲದು ಎಂಬ ದೂರು ಫೋಟೋ, ವಿಡಿಯೋಗಳಿಗೆ ನಿಜ. ಬರೀ ಅಕ್ಷರಗಳ ಕಡತಗಳಿಗೆ, ಒಬ್ಬ ಲೇಖಕನ ಜೀವಮಾನದ ಬರವಣಿಗೆಗೆ, ಅದೇ ಹೆಚ್ಚಾಯಿತು.

ಸಂಘಗಳಿಗೆ ನನ್ನ ಸೂಚನೆ ಬೇರೆ. ಕಾರ್ಯಕಾರಿ ಸಮಿತಿ ಬದಲಾದಾಗ ನಗದು ಪುಸ್ತಕ, ಚೆಕ್ ಪುಸ್ತಕ, ರಬ್ಬರ್ ಸ್ಟ್ಯಾಂಪು, ಬೀರುವಿನ ಕೀಲಿ ಇವನ್ನು ಪಟ್ಟಿ ಮಾಡಿ ಸಹಿ ಹಾಕಿಸಿಕೊಂಡು ಹೊಸಬರಿಗೆ ಒಪ್ಪಿಸುತ್ತೇವೆ. ಅದೇ ಪಟ್ಟಿಯಲ್ಲಿ ಇನ್ನು ಮೂರು ಸಾಲು ಸೇರಬೇಕು: ಸಂಘದ ಕಡತಗಳಿರುವ ಹೊರಗಿನ ಡಿಸ್ಕು, ಸಂಘದ ಹೆಸರಿನಲ್ಲೇ ತೆರೆದ ಖಾತೆಯ ಪಾಸ್‌ವರ್ಡು, ಬಿಟ್‌ಲಾಕರ್ ಕೀಯ ಅಚ್ಚು ಹಾಕಿದ ಪ್ರತಿ. ಈ ಮೂರನ್ನು ಮುಂದಿನ ಮಹಾಸಭೆಯಲ್ಲೇ ನಿರ್ಣಯವಾಗಿ ಬರೆದುಕೊಳ್ಳಬಹುದು, ಅದಕ್ಕೆ ನಿಯಮಾವಳಿಯ ತಿದ್ದುಪಡಿಯೂ ಬೇಕಿಲ್ಲ.